ಮಗುವನ್ನು ಮಲಗಿಸುವ ಆವಿ: ಅಗ್ಗದ್ದು ಯಾವುದು, ಸುರಕ್ಷಿತವಾದ್ದು ಯಾವುದು?

ಮಗುವಿಗೆ ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದಾಗ ಹೆತ್ತವರು ಮೊದಲು ಕೇಳುವುದು ಕತ್ತರಿಯ ಬಗ್ಗೆ ಅಲ್ಲ. "ಮತ್ತು ಬರಿಸ್ತೀರಲ್ಲ, ಏನೂ ಆಗಲ್ಲ ತಾನೆ?" ಅಂತ ಕೇಳುತ್ತಾರೆ. ಹರ್ನಿಯಾ ಇರಲಿ, ಟಾನ್ಸಿಲ್ ಇರಲಿ, ಸೀಳುತುಟಿ ಇರಲಿ, ಹೆದರಿಕೆಯೆಲ್ಲ ಆ ನಿದ್ದೆಯ ಬಗ್ಗೆಯೇ. ಆಪರೇಷನ್ ಮುಗಿದು ಮಗು ಕಣ್ಣು ಬಿಟ್ಟ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ, ಬಿಲ್ಲು ಕೈಗೆ ಬಂದಾಗ. "ಇದೇನ್ರೀ ಇದು ಸೆವೋಫ್ಲುರೇನ್? ಬರೀ ಮೂಸಿಸಿದ್ದಕ್ಕೆ ಇಷ್ಟೊಂದು ದುಡ್ಡಾ?"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವು ಇವತ್ತಿನವಲ್ಲ, ಒಂದೂಮುಕ್ಕಾಲು ಶತಮಾನಕ್ಕಿಂತ ಹಳೆಯವು. ನಾನು ಡಾಕ್ಟರಲ್ಲ. ಔಷಧ ವ್ಯಾಪಾರದ ಲೆಕ್ಕ ಬರೆಯುತ್ತಾ ಹೈದರಾಬಾದಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕಳೆದವನು. ಆದರೆ ಈ ಕಥೆಯ ಒಂದು ಮುಖ್ಯ ಅಧ್ಯಾಯ ನಾನಿರುವ ಊರಿನಲ್ಲೇ ನಡೆದದ್ದು ಅಂತ ಗೊತ್ತಾದ ಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರಿನ ಆವಿ ಕುಡಿಸಿ ಒಬ್ಬ ರೋಗಿಯನ್ನು ಮಲಗಿಸಿದ. ನೋವಿಲ್ಲದೆ ಆಪರೇಷನ್ ಮಾಡಬಹುದು ಅಂತ ಲೋಕಕ್ಕೆ ಗೊತ್ತಾದದ್ದು ಅಂದು. ಮರುವರ್ಷವೇ ಈಥರ್ ಕಲ್ಕತ್ತಾಕ್ಕೂ ಬಂತು. ಆದರೆ ಈಥರಿಗೆ ಕಾಟ ಹಲವು. ವಾಸನೆ ಘಾಟು, ಕೆಮ್ಮು ತರಿಸುತ್ತದೆ, ನಿದ್ದೆ ಬರುವುದು ನಿಧಾನ, ಎದ್ದ ಮೇಲೆ ವಾಂತಿ. ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅದು ಕುದಿಯುವುದು ಸುಮಾರು 35 ಡಿಗ್ರಿಗೆ. ನಮ್ಮ ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಈಥರ್ ಬಾಟಲಿಯ ಬಿರಡೆ ತೆಗೆದರೆ ಏನಾಗುತ್ತದೆ ಅಂತ ನೀವೇ ಊಹಿಸಿ!

ಎಡಿನ್‌ಬರೋದ ಹೆರಿಗೆ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಇದಕ್ಕಿಂತ ಸುಲಭವಾದ್ದನ್ನು ಹುಡುಕುತ್ತಿದ್ದ. 1847ರ ನವೆಂಬರಿನಲ್ಲಿ ಅವನಿಗೆ ಕ್ಲೋರೋಫಾರ್ಮ್ ಸಿಕ್ಕಿತು. ಸಿಹಿ ವಾಸನೆ. ಬೆಂಕಿ ಹತ್ತುವುದಿಲ್ಲ. ಯಂತ್ರ ಬೇಡ, ಕರವಸ್ತ್ರದ ಮೇಲೆ ನಾಲ್ಕು ಹನಿ ಸಾಕು. ಈಥರಿಗಿಂತ ಎಷ್ಟೋ ಕಡಿಮೆ ಪ್ರಮಾಣ ಬೇಕು, ಹಾಗಾಗಿ ಖರ್ಚೂ ಕಡಿಮೆ, ಜೇಬಲ್ಲಿ ಇಟ್ಟುಕೊಂಡು ಹೋಗಬಹುದು. ಈ ಉಳಿತಾಯದ ಮಾತನ್ನು ಸಿಂಪ್ಸನ್ನನೇ ಮುಂದಿಟ್ಟಿದ್ದ.

ಎಡಿನ್‌ಬರೋ ಆಸ್ಪತ್ರೆಯಲ್ಲಿ ಕ್ಲೋರೋಫಾರ್ಮ್ ಕೊಟ್ಟು ಮಾಡಿದ ಮೊಟ್ಟಮೊದಲ ಆಪರೇಷನ್ನುಗಳಲ್ಲಿ ಒಂದು ನಾಲ್ಕೈದು ವರ್ಷದ ಹುಡುಗನಿಗೆ. ಮುಂಗೈ ಮೂಳೆ ಕೊಳೆತಿತ್ತು. ಹುಡುಗ ಬೆಟ್ಟದ ಸೀಮೆಯವನು, ಗೇಲಿಕ್ ಬಿಟ್ಟು ಬೇರೆ ಭಾಷೆ ಬಾರದು. ಅಲ್ಲಿದ್ದ ಡಾಕ್ಟರುಗಳಿಗೆ ಗೇಲಿಕ್ ಬಾರದು. ಏನು ಮಾಡುತ್ತಿದ್ದೇವೆ ಅಂತ ಅವನಿಗೆ ಹೇಳುವ ದಾರಿಯೇ ಇರಲಿಲ್ಲ. ಮುಖದ ಹತ್ತಿರ ಬಟ್ಟೆ ತಂದಾಗ ಹೆದರಿ ಕೊಸರಾಡಿದ. ಸಿಂಪ್ಸನ್ ಹಿಡಿದುಕೊಂಡು ಆವಿ ಎಳೆಯುವಂತೆ ಮಾಡಿದ. ಕೆಲವೇ ಉಸಿರಿಗೆ ಅಳು ನಿಂತು ಗೊರಕೆ ಹೊಡೆಯತೊಡಗಿದ. ಆಪರೇಷನ್ ಸುಸೂತ್ರ ಆಯಿತು.

ಭಾಷೆ ಬಾರದ ಊರಿನ ಆಸ್ಪತ್ರೆಯಲ್ಲಿ ಮಗುವನ್ನು ಎತ್ತಿಕೊಂಡು ಕೂತ ಅನುಭವ ನಮ್ಮಂಥವರಿಗೆ ಹೊಸದಲ್ಲ. ಅದಕ್ಕೇ ಈ ಹುಡುಗ ನನಗೆ ಮರೆಯುವುದಿಲ್ಲ. ಅಂದು ಅವನು ಬದುಕಿದ್ದರಲ್ಲಿ ಅದೃಷ್ಟದ ಪಾಲೂ ಇತ್ತು. ಹೆದರಿದ ಮಗು, ಕೊಸರಾಟ, ಬಟ್ಟೆಯ ಮೇಲೆ ಅಳತೆಯಿಲ್ಲದ ಕ್ಲೋರೋಫಾರ್ಮ್... ಈ ಮೂರೂ ಸೇರಿದರೆ ಎಷ್ಟು ಅಪಾಯ ಅಂತ ಆಗ ಯಾರಿಗೂ ತಿಳಿದಿರಲಿಲ್ಲ.

ಮೂರು ತಿಂಗಳೂ ಆಗಿರಲಿಲ್ಲ. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರದ ವಿನ್ಲಟನ್ ಎಂಬ ಹಳ್ಳಿಯಲ್ಲಿ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿಗೆ ಕಾಲ್ಬೆರಳಿನ ಉಗುರು ತೆಗೆಯಬೇಕಿತ್ತು. ಕೆಲವು ತಿಂಗಳ ಹಿಂದೆ ಇನ್ನೊಂದು ಉಗುರು ತೆಗೆಯುವಾಗ ಈಥರ್ ಕೊಟ್ಟಿದ್ದರು, ಏನೂ ತೊಂದರೆ ಆಗಿರಲಿಲ್ಲ. ಈ ಸಲ ಹೊಸ ಔಷಧ. ಒಂದು ಚಮಚದಷ್ಟು ಕ್ಲೋರೋಫಾರ್ಮನ್ನು ಬಟ್ಟೆಯ ಮೇಲೆ ಹಾಕಿ ಹಿಡಿದರು. ಹುಡುಗಿ ಮೊದಲೇ ಹೆದರಿ ಅಳುತ್ತಿದ್ದಳು. ಕೆಲವೇ ನಿಮಿಷದಲ್ಲಿ ತೀರಿಕೊಂಡಳು. ಕ್ಲೋರೋಫಾರ್ಮಿನ ಸಾವು ಅಂತ ದಾಖಲಾದ ಮೊದಲನೆಯದು ಇದು. ಹೋಗಿದ್ದು ಉಗುರು ತೆಗೆಸಲು ಅನ್ನುವುದನ್ನು ನೆನಪಿಡಿ.

ಏಕೆ ಸತ್ತಳು? ಸಿಂಪ್ಸನ್ ಹೇಳಿದ್ದು, ಎಚ್ಚರಿಸಲು ಬಾಯಿಗೆ ಹಾಕಿದ ಬ್ರಾಂದಿ ಮತ್ತು ನೀರು ಉಸಿರುಗಟ್ಟಿಸಿತು ಅಂತ. ಲಂಡನ್ನಿನ ಡಾಕ್ಟರ್ ಜಾನ್ ಸ್ನೋ ಒಪ್ಪಲಿಲ್ಲ. ಇವನು ಅದೇ ಜಾನ್ ಸ್ನೋ, 1854ರಲ್ಲಿ ಬ್ರಾಡ್ ಸ್ಟ್ರೀಟಿನ ಪಂಪಿನ ನೀರಿಗೂ ಕಾಲರಾಕ್ಕೂ ಸಂಬಂಧ ಕಂಡುಹಿಡಿದವನು. ಅವನ ಹೊಟ್ಟೆಪಾಡು ಅರಿವಳಿಕೆ ಕೊಡುವ ಕೆಲಸ. ಸ್ನೋ ಹೇಳಿದ್ದು ಇಷ್ಟು: ಬಟ್ಟೆಯ ಮೇಲೆ ಸುರಿದರೆ ಗಾಳಿಯಲ್ಲಿ ನೂರಕ್ಕೆ ಎಷ್ಟು ಭಾಗ ಆವಿ ಹೋಗುತ್ತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಉಸಿರಿಗೆ ಕಡಿಮೆ, ಮುಂದಿನ ಉಸಿರಿಗೆ ವಿಪರೀತ. ಅಳೆದು ಕೊಡಬೇಕು. ಅದಕ್ಕಾಗಿ ಅವನು ಉಪಕರಣ ಮಾಡಿಕೊಂಡಿದ್ದ, ಕೊಟ್ಟ ಪ್ರತಿಯೊಂದು ಕೇಸನ್ನೂ ಬರೆದಿಡುತ್ತಿದ್ದ. ನೂರಾರು ಮಕ್ಕಳಿಗೆ, ಎಳೆಗೂಸುಗಳಿಗೂ ಕ್ಲೋರೋಫಾರ್ಮ್ ಕೊಟ್ಟವನು ಅವನು. ಮಕ್ಕಳು ದೊಡ್ಡವರಿಗಿಂತ ಬೇಗ ನಿದ್ದೆಗೆ ಜಾರುತ್ತಾರೆ, ಬೇಗ ಏಳುತ್ತಾರೆ ಅಂತ ಗಮನಿಸಿದ್ದ.

ಕಾರಣ ಈಗ ಗೊತ್ತು. ಮೈತೂಕಕ್ಕೆ ಹೋಲಿಸಿದರೆ ಮಗು ಎಳೆದುಕೊಳ್ಳುವ ಗಾಳಿ ದೊಡ್ಡವರ ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ಆವಿ ಬೇಗ ಏರುತ್ತದೆ. ಬೇಗ ಏರುವುದು ವರವೂ ಹೌದು, ಶಾಪವೂ ಹೌದು. ಹೆಚ್ಚಾದರೆ ಎಳೆಗೂಸಿನ ಹೃದಯ ತಡೆದುಕೊಳ್ಳುವುದಿಲ್ಲ. ಬಡಿತ ನಿಧಾನವಾಯಿತೆಂದರೆ ರಕ್ತದ ಹರಿವೇ ಕುಸಿಯುತ್ತದೆ.

ಈಗ ನನ್ನ ಊರಿನ ಕಥೆಗೆ ಬರೋಣ. ಕ್ಲೋರೋಫಾರ್ಮ್ ಸಾವುಗಳು ಏರುತ್ತಲೇ ಇದ್ದವು. ಬಾಸ್ಟನ್ನಿನವರು ಈಥರನ್ನು ಬಿಡಲಿಲ್ಲ. ಬ್ರಿಟನ್ನಿನಲ್ಲಿ ಮತ್ತು ಬಿಸಿಲಿನ ಹಿಂದುಸ್ತಾನದಲ್ಲಿ ಕ್ಲೋರೋಫಾರ್ಮೇ ನಡೆಯುತ್ತಿತ್ತು. ಜಗಳ ಏನೆಂದರೆ, ಕ್ಲೋರೋಫಾರ್ಮ್ ಕೊಲ್ಲುವುದು ಉಸಿರು ನಿಲ್ಲಿಸಿಯೋ, ಹೃದಯ ನಿಲ್ಲಿಸಿಯೋ? ಉಸಿರು ನಿಂತು ಸಾಯುವುದಾದರೆ ಉಸಿರನ್ನೇ ಕಾಯುತ್ತಾ ಕೂತರೆ ಸಾಕು, ಔಷಧದ ತಪ್ಪಿಲ್ಲ. ಹೃದಯವೇ ತಟ್ಟನೆ ನಿಲ್ಲುವುದಾದರೆ ಔಷಧವನ್ನೇ ನಂಬುವಂತಿಲ್ಲ.

ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಎಡಿನ್‌ಬರೋದಲ್ಲಿ ಕಲಿತವನು, ಕ್ಲೋರೋಫಾರ್ಮಿನ ಪರಮ ಭಕ್ತ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಹಣ ಕೊಟ್ಟರು. 1888ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್ ಕೂತಿತು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಅದರ ತೀರ್ಮಾನವನ್ನು ನಂಬಲಿಲ್ಲ. ಹಾಗಾದರೆ ನಿಮ್ಮವರನ್ನೇ ಕಳಿಸಿ ಅಂತ ನಿಜಾಮರು 1000 ಪೌಂಡ್ ಕೊಟ್ಟರು. 1889ರಲ್ಲಿ ಸರ್ಕಾರಗಳೂ ಕಿವಿಗೊಡುವಂಥ ಔಷಧ ವಿಜ್ಞಾನಿ ಲಾಡರ್ ಬ್ರಂಟನ್ ಹಡಗು ಹತ್ತಿ ಬಂದ. ನಾಯಿ, ಕೋತಿ ಅಂತ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಬೀದರ, ಕಲಬುರಗಿ, ರಾಯಚೂರು ಆಗ ನಿಜಾಮರ ರಾಜ್ಯದಲ್ಲೇ ಇದ್ದವಲ್ಲ, ಆ ಬೊಕ್ಕಸಕ್ಕೆ ನಮ್ಮ ಕಡೆಯ ರೈತರ ಕಂದಾಯವೂ ಸೇರುತ್ತಿತ್ತು ಅನ್ನುವುದು ಯಾರೂ ಬರೆಯದ ಅಡಿಟಿಪ್ಪಣಿ.

ಕಮಿಷನ್ನಿನ ತೀರ್ಪು: ಮೊದಲು ನಿಲ್ಲುವುದು ಉಸಿರು, ಹೃದಯ ಆಮೇಲೆ. ಆದ್ದರಿಂದ ಕ್ಲೋರೋಫಾರ್ಮ್ ಕೊಡುವವನು ನಾಡಿ ಹಿಡಿದು ಕೂರಬೇಕಿಲ್ಲ, ಉಸಿರಿನ ಮೇಲೆ ಕಣ್ಣಿಟ್ಟರೆ ಸಾಕು. ಇದೇ ಕಾಲದ ಹೈದರಾಬಾದಿನಲ್ಲಿ ವೈದ್ಯ ಶಿಕ್ಷಣ ಪಡೆದ ರೂಪಾಬಾಯಿ ಫರ್ದೂಂಜಿ ಎಂಬ ಪಾರ್ಸಿ ಮಹಿಳೆ ಕ್ಲೋರೋಫಾರ್ಮ್ ಕೊಡುವುದನ್ನೇ ವೃತ್ತಿ ಮಾಡಿಕೊಂಡರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಅಂತ ಅವರನ್ನು ಈಗ ಹಲವರು ಗುರುತಿಸುತ್ತಾರೆ.

ಆದರೆ ತೀರ್ಪು ಅರ್ಧ ಸತ್ಯ. 1911ರಲ್ಲಿ ಗುಡ್‌ಮನ್ ಲೆವಿ ಎಂಬಾತ ಲಂಡನ್ನಿನಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದೇನು ಗೊತ್ತೆ? ಕ್ಲೋರೋಫಾರ್ಮ್ ಇನ್ನೂ ಹಗುರಾಗಿ ಹತ್ತಿರುವಾಗ ರಕ್ತಕ್ಕೆ ಅಡ್ರಿನಲಿನ್ ಸೇರಿದರೆ ಹೃದಯ ಅದುರಿ ತಟ್ಟನೆ ನಿಂತುಬಿಡುತ್ತದೆ. ಅಡ್ರಿನಲಿನ್ ಯಾವಾಗ ಉಕ್ಕುತ್ತದೆ? ಹೆದರಿದಾಗ, ಕೊಸರಾಡಿದಾಗ. ಹ್ಯಾನಾಳ ಸಾವಿಗೆ ಇದೇ ಕಾರಣ ಇರಬಹುದು ಅಂತ ಆಮೇಲೆ ಅನೇಕರು ವಾದಿಸಿದರು. ಎಡಿನ್‌ಬರೋದ ಹುಡುಗ ಕತ್ತಿಯ ಅಲಗಿನ ಮೇಲೆ ನಡೆದು ಬಂದಿದ್ದ!

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಕ್ಲೋರೋಫಾರ್ಮ್ ಅರವತ್ತು ವರ್ಷ ರಾಜನಾಗಿ ಮೆರೆದದ್ದು ಸುರಕ್ಷಿತ ಅಂತ ಅಲ್ಲ. ಕೊಡುವವರಿಗೆ ಸುಲಭ ಅಂತ, ಕೊಳ್ಳುವವರಿಗೆ ಅಗ್ಗ ಅಂತ. ಅಪಾಯದ ಪಾಲು ಮೇಜಿನ ಮೇಲೆ ಮಲಗಿದವರದು. ಅಗ್ಗದ ಔಷಧ ಅಂದರೆ ಯಾರಿಗೆ ಅಗ್ಗ ಅಂತ ಕೇಳಬೇಕು. ಮುಂದಿನ ಕಥೆಯುದ್ದಕ್ಕೂ ಈ ಪ್ರಶ್ನೆ ಇದೆ.

ಇಪ್ಪತ್ತನೆಯ ಶತಮಾನದ ಮೊದಲರ್ಧ ಮಕ್ಕಳ ಮಟ್ಟಿಗೆ ಮತ್ತೆ ಈಥರಿನದೇ. ತಂತಿಯ ಮುಖವಾಡ, ಅದರ ಮೇಲೆ ಗಾಜ್ ಬಟ್ಟೆ, ಅದರ ಮೇಲೆ ಹನಿ ಹನಿ ಈಥರ್. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಇದು ಎಷ್ಟೋ ದಶಕ ನಡೆಯಿತು. ಘಾಟು ನಿಜ, ಆದರೆ ಈಥರಿಗೆ ಒಂದು ದೊಡ್ಡ ಗುಣ. ಅದು ಉಸಿರನ್ನೂ ರಕ್ತದೊತ್ತಡವನ್ನೂ ಬೇಗ ಕೆಡವುದಿಲ್ಲ. ಕೊಡುವವರು ಅಷ್ಟು ಅನುಭವಸ್ಥರಲ್ಲದಿದ್ದರೂ ಮಗು ಬದುಕುತ್ತಿತ್ತು. 1930ರ ದಶಕದಲ್ಲಿ ಸೈಕ್ಲೋಪ್ರೊಪೇನ್ ಎಂಬ ಅನಿಲ ಬಂತು. ಮಕ್ಕಳಿಗೆ ಹಿತ, ಆದರೆ ಈಥರಿಗಿಂತಲೂ ಸ್ಫೋಟಕ.

ಇದೇ ಹೊತ್ತಿಗೆ ಔಷಧದಲ್ಲಿ ಅಲ್ಲ, ಕೊಳವೆಯಲ್ಲಿ ಒಂದು ಸುಧಾರಣೆ ಆಯಿತು. 1937ರಲ್ಲಿ ನ್ಯೂಕ್ಯಾಸಲ್ಲಿನ ಫಿಲಿಪ್ ಏರ್ ಸೀಳುತುಟಿಯ ಕೂಸುಗಳಿಗಾಗಿ ಟಿ ಆಕಾರದ ಸಣ್ಣ ಕೊಳವೆ ಬಳಸಿದ. ಕವಾಟ ಇಲ್ಲ, ಭಾರ ಇಲ್ಲ, ಕೂಸು ಸುಲಭವಾಗಿ ಉಸಿರಾಡಬಹುದು. 1950ರಲ್ಲಿ ಲಿವರ್‌ಪೂಲಿನ ಜಾಕ್ಸನ್ ರೀಸ್ ಅದಕ್ಕೊಂದು ಬಾಯಿ ತೆರೆದ ಚೀಲ ಸೇರಿಸಿದ. ಇಂದಿಗೂ ಇಂಡಿಯಾದ ಯಾವ ಆಪರೇಷನ್ ಥಿಯೇಟರಿಗೆ ಹೋದರೂ 'ಜಾಕ್ಸನ್ ರೀಸ್' ಅನ್ನುವ ಹೆಸರು ಕೇಳುತ್ತೀರಿ. ಈ ಕೊಳವೆಯನ್ನು ನೆನಪಿಟ್ಟುಕೊಳ್ಳಿ, ದುಡ್ಡಿನ ಲೆಕ್ಕಕ್ಕೆ ಬೇಕಾಗುತ್ತದೆ.

ಯುದ್ಧಕಾಲದಲ್ಲಿ ಯುರೇನಿಯಂ ಸಂಸ್ಕರಣೆಗಾಗಿ ಫ್ಲೋರಿನ್ ರಸಾಯನಶಾಸ್ತ್ರ ಬಹಳ ಮುಂದುವರಿದಿತ್ತು. ಅದರ ಫಲವಾಗಿ 1951ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಚಾರ್ಲ್ಸ್ ಸಕ್ಲಿಂಗ್ ಹ್ಯಾಲೋಥೇನ್ ತಯಾರಿಸಿದ. 1956ರಲ್ಲಿ ಮ್ಯಾಂಚೆಸ್ಟರಿನ ಮೈಕೆಲ್ ಜಾನ್‌ಸ್ಟೋನ್ ಅದನ್ನು ರೋಗಿಗಳಿಗೆ ಕೊಟ್ಟ. ಹೊತ್ತಿಕೊಳ್ಳುವುದಿಲ್ಲ, ಸಿಹಿ ವಾಸನೆ, ಮಗು ಕೆಮ್ಮದೆ ನಿದ್ದೆ ಹೋಗುತ್ತದೆ. ಮಕ್ಕಳ ಅರಿವಳಿಕೆಯಲ್ಲಿ ನಲವತ್ತು ವರ್ಷ ಹ್ಯಾಲೋಥೇನಿನದೇ ದರ್ಬಾರು. ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲಿ ಮೊದಲ ಅಗತ್ಯ ಔಷಧಗಳ ಪಟ್ಟಿ ಮಾಡಿದಾಗ ಈಥರ್ ಮತ್ತು ಹ್ಯಾಲೋಥೇನ್ ಎರಡೂ ಇದ್ದವು.

ಹ್ಯಾಲೋಥೇನಿನ ಬಗ್ಗೆ ಮೊದಲು ಎದ್ದ ದೂರು ಲಿವರಿನದು. ಅಮೆರಿಕದಲ್ಲಿ ಸುಮಾರು ಎಂಟೂವರೆ ಲಕ್ಷ ಅರಿವಳಿಕೆಗಳ ದಾಖಲೆ ತೆಗೆದು ದೊಡ್ಡ ಅಧ್ಯಯನ ಮಾಡಿ 1966ರಲ್ಲಿ ವರದಿ ಕೊಟ್ಟರು. ಲಿವರ್ ಕೊಳೆತು ಸಾಯುವುದು ಸುಮಾರು 35 ಸಾವಿರಕ್ಕೆ ಒಂದು. ಮಕ್ಕಳಲ್ಲಿ ಇದು ಇನ್ನೂ ಅಪರೂಪ. ಹಾಗಾಗಿ ದೊಡ್ಡವರಿಗೆ ಕೈಬಿಟ್ಟ ಮೇಲೂ ಮಕ್ಕಳಿಗೆ ಹ್ಯಾಲೋಥೇನ್ ಮುಂದುವರಿಯಿತು.

ಮಕ್ಕಳ ಮಟ್ಟಿಗೆ ನಿಜವಾದ ತೊಂದರೆ ಇದ್ದದ್ದು ಹೃದಯದಲ್ಲಿ. ಹ್ಯಾಲೋಥೇನ್ ಹೆಚ್ಚಾದರೆ ಬಡಿತ ನಿಧಾನವಾಗುತ್ತದೆ, ಹೃದಯದ ಹಿಂಡುವ ಶಕ್ತಿ ಕುಗ್ಗುತ್ತದೆ, ಲಯ ತಪ್ಪುತ್ತದೆ. ಅಡ್ರಿನಲಿನ್ ಜೊತೆ ಇದಕ್ಕೂ ಕ್ಲೋರೋಫಾರ್ಮಿನ ಹಾಗೆಯೇ ವೈರ.

ಅಮೆರಿಕದಲ್ಲಿ 1994ರಲ್ಲಿ ಒಂದು ಒಳ್ಳೆಯ ಕೆಲಸ ಶುರುವಾಯಿತು. ಆಪರೇಷನ್ ಟೇಬಲ್ಲಿನ ಮೇಲೆ ಮಗುವಿನ ಹೃದಯ ನಿಂತ ಪ್ರಕರಣಗಳನ್ನು ಹಲವು ಆಸ್ಪತ್ರೆಗಳಿಂದ, ಹೆಸರು ಹೇಳದೆ, ಒಂದು ಕಡೆ ದಾಖಲಿಸುವುದು. 2000ದಲ್ಲಿ ಬಂದ ಮೊದಲ ವರದಿಯಲ್ಲಿ, ಅರಿವಳಿಕೆಗೆ ಸಂಬಂಧಪಟ್ಟ ಪ್ರಕರಣಗಳಲ್ಲಿ ನೂರಕ್ಕೆ 37ಕ್ಕೆ ಔಷಧವೇ ಕಾರಣ. ಅದರಲ್ಲಿ ಮೂರನೇ ಎರಡು ಭಾಗ ಹ್ಯಾಲೋಥೇನಿನಿಂದ, ಒಂಟಿಯಾಗಿಯೋ ಬೇರೆ ಔಷಧದ ಜೊತೆಗೋ. ಹೃದಯ ನಿಂತ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ವರ್ಷದೊಳಗಿನ ಕೂಸುಗಳು. 2007ರಲ್ಲಿ ಬಂದ ಎರಡನೆಯ ವರದಿ 1998ರಿಂದ 2004ರ ವರೆಗಿನದು. ಔಷಧದ ಪಾಲು ನೂರಕ್ಕೆ 37ರಿಂದ 18ಕ್ಕೆ ಇಳಿದಿತ್ತು. ನಡುವೆ ಏನಾಗಿತ್ತು? ಅಲ್ಲಿನ ಆಸ್ಪತ್ರೆಗಳು ಹ್ಯಾಲೋಥೇನ್ ಬಿಟ್ಟು ಸೆವೋಫ್ಲುರೇನಿಗೆ ಬಂದಿದ್ದವು.

ಸೆವೋಫ್ಲುರೇನಿನ ಕಥೆಯೂ ಸ್ವಾರಸ್ಯವಾದದ್ದೇ. ಅಮೆರಿಕದಲ್ಲಿ 1970ರ ದಶಕದ ಆರಂಭದ ಹೊತ್ತಿಗೆ ತಯಾರಾಗಿತ್ತು. ಆದರೆ ದೇಹದಲ್ಲಿ ಒಡೆದು ಫ್ಲೋರೈಡ್ ಬಿಡುತ್ತದೆ, ಉಸಿರಿನ ಇಂಗಾಲಾಮ್ಲ ಹೀರಲು ಇಡುವ ಸೋಡಾ ಲೈಮಿನ ಜೊತೆ ಪ್ರತಿಕ್ರಿಯಿಸುತ್ತದೆ ಅಂತ ಹೆದರಿ ಪಕ್ಕಕ್ಕಿಟ್ಟರು. ಜಪಾನಿನ ಮಾರುಇಷಿ ಕಂಪನಿ ಕೈಬಿಡಲಿಲ್ಲ. 1990ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. ಅಲ್ಲಿ ಲಕ್ಷಾಂತರ ಜನರಿಗೆ ಕೊಟ್ಟ ಅನುಭವದ ಮೇಲೆ 1995ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಇಲಿಗಳ ಕಿಡ್ನಿಗೆ ಆದ ಹಾನಿ ಮನುಷ್ಯರಲ್ಲಿ ಕಂಡುಬರಲಿಲ್ಲ.

ಇದು ಮಕ್ಕಳಿಗೆ ಏಕೆ ಒಳ್ಳೆಯದು? ವಾಸನೆ ಹಿತ. ರಕ್ತದಲ್ಲಿ ಕರಗುವುದು ಹ್ಯಾಲೋಥೇನಿಗಿಂತ ಬಹಳ ಕಡಿಮೆ, ಹಾಗಾಗಿ ಮೆದುಳಿಗೆ ಬೇಗ ಮುಟ್ಟಿ ಬೇಗ ಇಳಿಯುತ್ತದೆ. ಹೃದಯದ ಬಡಿತವನ್ನು ಅಷ್ಟು ಕೆಡಿಸುವುದಿಲ್ಲ. ಇನ್ನೊಂದು ಕಾರಣ ನನಗೆ ಬಹಳ ಹಿಡಿಸಿತು. ಆವಿ ಬೆರೆಸುವ ಪಾತ್ರೆಗೆ ವೇಪರೈಸರ್ ಅನ್ನುತ್ತಾರೆ. ಹ್ಯಾಲೋಥೇನಿನ ವೇಪರೈಸರ್ ತಿರುಪು ನೂರಕ್ಕೆ 5ರ ತನಕ ಹೋಗುತ್ತದೆ. ಕೂಸಿಗೆ ಬೇಕಾದದ್ದು ಸುಮಾರು 1.1. ಅಂದರೆ ಕೈತಪ್ಪಿದರೆ ನಾಲ್ಕು ಪಟ್ಟಿಗೂ ಹೆಚ್ಚು. ಸೆವೋಫ್ಲುರೇನಿನ ತಿರುಪು 8ಕ್ಕೆ ನಿಲ್ಲುತ್ತದೆ, ಕೂಸಿಗೆ ಬೇಕಾದದ್ದು ಸುಮಾರು 3.2. ಪೂರ್ತಿ ತಿರುಗಿಸಿದರೂ ಎರಡೂವರೆ ಪಟ್ಟು ಅಷ್ಟೆ. ತಪ್ಪು ಮಾಡುವುದಕ್ಕೇ ಜಾಗ ಕಡಿಮೆ. ಜಾನ್ ಸ್ನೋ ಕೇಳಿದ್ದೂ ಇದನ್ನೇ ಅಲ್ಲವೆ, ಅಳತೆ?

ಗುಣ ಮಾತ್ರ ಹೇಳಿದರೆ ಜಾಹೀರಾತು ಆಗುತ್ತದೆ. ಸೆವೋಫ್ಲುರೇನಿಂದ ಎಚ್ಚರವಾಗುವ ಪುಟ್ಟ ಮಕ್ಕಳು, ಹೆಚ್ಚಾಗಿ ಎರಡರಿಂದ ಆರು ವರ್ಷದವರು, ಕೆಲವೊಮ್ಮೆ ವಿಪರೀತ ರಂಪ ಮಾಡುತ್ತಾರೆ. ಅಮ್ಮನನ್ನೇ ಗುರುತಿಸದೆ ಒದ್ದಾಡುತ್ತಾರೆ. ನೋಡಿದವರಿಗೆ ಮಗುವಿಗೆ ಏನೋ ಆಗಿಹೋಯಿತು ಅನಿಸಬೇಕು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ತಾನೇ ಇಳಿಯುತ್ತದೆ. ಮುಂಚೆಯೇ ಹೇಳಿಟ್ಟರೆ ಹೆತ್ತವರು ಅಷ್ಟು ಗಾಬರಿಯಾಗುವುದಿಲ್ಲ. ಇನ್ನು ಈ ಜಾತಿಯ ಎಲ್ಲ ಆವಿಗಳಿಗೂ ಇರುವ ಒಂದು ಅಪರೂಪದ ಅಪಾಯ, ವಂಶದಲ್ಲಿ ಬರುವ ದೋಷದಿಂದ ಮೈ ಏಕಾಏಕಿ ಸುಡುವಷ್ಟು ಜ್ವರ ಏರುವುದು. ಮನೆತನದಲ್ಲಿ ಯಾರಾದರೂ ಆಪರೇಷನ್ ಟೇಬಲ್ಲಿನಲ್ಲಿ ಕಾರಣ ತಿಳಿಯದೆ ತೀರಿಕೊಂಡಿದ್ದರೆ ಅದನ್ನು ಮುಚ್ಚಿಡದೆ ಹೇಳಿ.

ಉಳಿದವರ ಬಗ್ಗೆ ಎರಡೇ ಮಾತು. ಐಸೋಫ್ಲುರೇನ್ ಅಗ್ಗ, ಹೃದಯಕ್ಕೂ ಪರವಾಗಿಲ್ಲ, ಆದರೆ ಘಾಟು. ಎಚ್ಚರವಿರುವ ಮಗುವಿಗೆ ಮೂಸಿಸಿದರೆ ಕೆಮ್ಮು, ಗಂಟಲು ಬಿಗಿತ. ಡೆಸ್ಫ್ಲುರೇನ್ ಇನ್ನೂ ಘಾಟು, ಕುದಿಯುವುದು ಸುಮಾರು 23 ಡಿಗ್ರಿಗೆ, ಅದಕ್ಕೆ ಕರೆಂಟಿನ ವೇಪರೈಸರೇ ಬೇಕು. ಮೇಲಾಗಿ ಭೂಮಿಯ ಬಿಸಿ ಏರಿಸುವುದರಲ್ಲಿ ಇದೇ ಮುಂದು.

ಈಗ ನನಗೆ ಗೊತ್ತಿರುವ ವಿದ್ಯೆಗೆ ಬರುತ್ತೇನೆ, ಅಂದರೆ ಲೆಕ್ಕ. ಸೆವೋಫ್ಲುರೇನ್ ಬಾಟಲಿಯ ಬೆಲೆ ಹ್ಯಾಲೋಥೇನಿನ ಹಲವು ಪಟ್ಟು, ನಿಜ. ಆದರೆ ಖರ್ಚು ನಿರ್ಧಾರ ಆಗುವುದು ಬಾಟಲಿಯ ಬೆಲೆಯಿಂದ ಮಾತ್ರ ಅಲ್ಲ. ಅರಿವಳಿಕೆಯವರು ಬಳಸುವ ಒಂದು ಸರಳ ಸೂತ್ರ ಇದೆ. ನಿಮಿಷಕ್ಕೆ ಹರಿಸುವ ಅನಿಲ ಎಷ್ಟು ಲೀಟರ್, ಅದರಲ್ಲಿ ಆವಿ ನೂರಕ್ಕೆ ಎಷ್ಟು, ಎರಡನ್ನೂ ಗುಣಿಸಿ ಮೂರರಿಂದ ಮತ್ತೆ ಗುಣಿಸಿ. ಗಂಟೆಗೆ ಸುಮಾರು ಎಷ್ಟು ಮಿಲಿಲೀಟರ್ ಔಷಧ ಹೋಗುತ್ತದೆ ಅಂತ ಸಿಗುತ್ತದೆ.

ಜಾಕ್ಸನ್ ರೀಸ್ ಕೊಳವೆ ನೆನಪಿದೆಯಲ್ಲ? ಅದಕ್ಕೆ ಕವಾಟ ಇಲ್ಲದ್ದರಿಂದ ಮಗು ಬಿಟ್ಟ ಉಸಿರನ್ನೇ ಮತ್ತೆ ಎಳೆಯದಂತೆ, ಅದು ಉಸಿರಾಡುವ ಗಾಳಿಯ ಎರಡು ಮೂರು ಪಟ್ಟು ಅನಿಲ ಹರಿಸುತ್ತಲೇ ಇರಬೇಕು. ನಿಮಿಷಕ್ಕೆ 6 ಲೀಟರ್ ಅಂತ ಇಟ್ಟುಕೊಳ್ಳಿ. ಹ್ಯಾಲೋಥೇನ್ ನೂರಕ್ಕೆ 1ರಂತೆ: 3 ಗುಣಿಸು 6 ಗುಣಿಸು 1, ಗಂಟೆಗೆ 18 ಮಿಲಿ. ಸೆವೋಫ್ಲುರೇನ್ 2.5ರಂತೆ: ಗಂಟೆಗೆ 45 ಮಿಲಿ. 250 ಮಿಲಿಯ ಬಾಟಲಿ ಐದೂವರೆ ಗಂಟೆಗೆ ಖಾಲಿ! ಬೆಲೆಯೂ ಹೆಚ್ಚು, ಪ್ರಮಾಣವೂ ಹೆಚ್ಚು, ಬಿಲ್ಲು ನೋಡಿ ಬೆವರು ಬರುವುದು ಸಹಜವೇ.

ಆದರೆ ಮಗು ನಿದ್ದೆ ಹೋದ ಮೇಲೆ, ಉಸಿರನ್ನು ಸೋಡಾ ಲೈಮಿನ ಮೂಲಕ ಹಾಯಿಸಿ ಮತ್ತೆ ಬಳಸುವ ವೃತ್ತಾಕಾರದ ಕೊಳವೆಗೆ ಸೇರಿಸಿ, ಅನಿಲವನ್ನು ನಿಮಿಷಕ್ಕೆ 1 ಲೀಟರಿಗೆ ಇಳಿಸಿದರೆ? 3 ಗುಣಿಸು 1 ಗುಣಿಸು 2.5, ಗಂಟೆಗೆ ಏಳೂವರೆ ಮಿಲಿ. ಅದೇ ಬಾಟಲಿ 33 ಗಂಟೆ ಬರುತ್ತದೆ. ಹ್ಯಾಲೋಥೇನಿನ 18 ಮಿಲಿಗಿಂತಲೂ ಕಡಿಮೆ. ಮಗುವಿನ ಪುಟ್ಟ ಪುಪ್ಪುಸಕ್ಕೆ ಹೋಗುವ ಔಷಧ ಎರಡೂ ಸಲ ಒಂದೇ. ಹೆಚ್ಚಿನ 37.5 ಮಿಲಿ ಹೋದದ್ದು ಕಿಟಕಿಯಾಚೆಗೆ, ಜೊತೆಗೆ ಥಿಯೇಟರಿನಲ್ಲಿ ನಿಂತ ನರ್ಸುಗಳ ಮೂಗಿಗೆ. ಆದ್ದರಿಂದ ದುಬಾರಿಯಾದದ್ದರಲ್ಲಿ ದೊಡ್ಡ ಪಾಲು ಪೋಲು. ಇನ್ನೊಂದು ಉಪಾಯವೂ ಚಾಲ್ತಿಯಲ್ಲಿದೆ. ಸೆವೋಫ್ಲುರೇನಿಂದ ಮಲಗಿಸಿ, ಮಗುವಿಗೆ ಘಾಟು ತಿಳಿಯದ ಹಂತಕ್ಕೆ ಬಂದ ಮೇಲೆ ಅಗ್ಗದ ಐಸೋಫ್ಲುರೇನಿಗೆ ಬದಲಾಯಿಸುವುದು.

ಹಾಗಾದರೆ ಎಲ್ಲರೂ ಹೀಗೇ ಮಾಡಬಾರದೇಕೆ? ಅನಿಲ ಕಡಿಮೆ ಮಾಡಿದಾಗ ಒಳಗೆ ಆಮ್ಲಜನಕ ಎಷ್ಟಿದೆ, ಆವಿ ಎಷ್ಟಿದೆ, ಇಂಗಾಲಾಮ್ಲ ಎಷ್ಟಿದೆ ಅಂತ ಹೇಳುವ ಮಾನಿಟರ್ ಬೇಕೇ ಬೇಕು. ಅದರ ಖರ್ಚು ಒಂದೇ ಸಲ, ಆದರೆ ದೊಡ್ಡದು. ತಾಲೂಕು ಆಸ್ಪತ್ರೆಗೆ ಬಾಟಲಿಯ ಬಿಲ್ಲು ಪಾಸಾಗುವುದು ಸುಲಭ, ಯಂತ್ರದ ಫೈಲು ಏಳುವುದು ಕಷ್ಟ. ಹಾಗಾಗಿ ಕಡಿಮೆ ಬೆಲೆಯ ಔಷಧವನ್ನು ಕೊಳವೆ ತುಂಬ ಹರಿಸುವುದೇ ರೂಢಿಯಾಗಿ ಉಳಿಯುತ್ತದೆ. ಈ ಲೆಕ್ಕದಲ್ಲಿ ಮಗುವಿನ ಅಪಾಯಕ್ಕೆ ಕಾಲಮ್ಮೇ ಇಲ್ಲ.

ಒಂದು ಮಾತು ಒಪ್ಪಬೇಕು. ಒಳ್ಳೆಯ ಔಷಧ ಒಂದರಿಂದಲೇ ಮಕ್ಕಳು ಉಳಿದದ್ದಲ್ಲ. 1974ರಲ್ಲಿ ಜಪಾನಿನ ತಕುವೊ ಅಯೋಯಗಿ ಕಂಡುಹಿಡಿದ ಪಲ್ಸ್ ಆಕ್ಸಿಮೀಟರ್, ಅದೇ ಬೆರಳಿಗೆ ಸಿಕ್ಕಿಸುವ ಕ್ಲಿಪ್, ಕೊರೋನಾ ಕಾಲದಲ್ಲಿ ನಮ್ಮೆಲ್ಲರ ಮನೆಗೂ ಬಂತಲ್ಲ, ಅದು ಮಾಡಿದ ಉಪಕಾರ ದೊಡ್ಡದು. ಮಗುವಿನ ತುಟಿ ನೀಲಿಯಾಗುವ ಮೊದಲೇ ಅದು ಕೂಗಿ ಹೇಳುತ್ತದೆ. 2008ರ ವಿಶ್ವ ಆರೋಗ್ಯ ಸಂಸ್ಥೆಯ ಆಪರೇಷನ್ ಪರಿಶೀಲನಾ ಪಟ್ಟಿಯಲ್ಲಿ ಆಕ್ಸಿಮೀಟರ್ ಹಾಕಿದೆಯೇ ಎನ್ನುವುದು ಮಗು ನಿದ್ದೆ ಹೋಗುವ ಮುಂಚೆಯೇ ಕೇಳಬೇಕಾದ ಪ್ರಶ್ನೆ. ಉಸಿರನ್ನು ಕಾಯಿರಿ ಅಂದ ಹೈದರಾಬಾದ್ ಕಮಿಷನ್ ವಿಜ್ಞಾನದಲ್ಲಿ ಸೋತಿರಬಹುದು, ಆ ಬುದ್ಧಿಮಾತಿನಲ್ಲಿ ಸೋತಿಲ್ಲ. ಅನುಭವಸ್ಥ ತಜ್ಞರ ಕೈಯಲ್ಲಿ ಹ್ಯಾಲೋಥೇನ್ ಲಕ್ಷಾಂತರ ಮಕ್ಕಳನ್ನು ಸುರಕ್ಷಿತವಾಗಿ ಮಲಗಿಸಿ ಎಬ್ಬಿಸಿದೆ. ಕಾಯುವವರಿಲ್ಲದ ಕಡೆ ಸೆವೋಫ್ಲುರೇನೂ ಕಾಪಾಡದು.

ಈಚಿನ ಹೆತ್ತವರ ಇನ್ನೊಂದು ಭಯ, ಅರಿವಳಿಕೆಯಿಂದ ಮಗುವಿನ ಬುದ್ಧಿ ಮಂಕಾಗುತ್ತದೆಯೇ ಅಂತ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ಡಿಸೆಂಬರಿನಲ್ಲಿ, ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಬಗ್ಗೆ ಎಚ್ಚರಿಕೆ ಕೊಟ್ಟಿತು. ಆದರೆ ಏಳು ದೇಶಗಳಲ್ಲಿ 722 ಕೂಸುಗಳ ಮೇಲೆ ನಡೆದ ಒಂದು ಅಧ್ಯಯನ, ಹರ್ನಿಯಾ ಆಪರೇಷನ್ನಿಗೆ ಸೆವೋಫ್ಲುರೇನ್ ಕೊಟ್ಟವರನ್ನೂ ಬರೀ ಬೆನ್ನಿನ ಚುಚ್ಚುಮದ್ದಿನಂಥದ್ದು ಕೊಟ್ಟು ಎಚ್ಚರವಿಟ್ಟವರನ್ನೂ ಐದು ವರ್ಷ ತುಂಬುವವರೆಗೆ ಹಿಂಬಾಲಿಸಿತು. 2019ರಲ್ಲಿ ಬಂದ ಫಲಿತಾಂಶ: ಒಂದು ಗಂಟೆಯೊಳಗಿನ ಅರಿವಳಿಕೆಯಿಂದ ಬುದ್ಧಿಯಲ್ಲಿ ವ್ಯತ್ಯಾಸ ಇಲ್ಲ. ಬೇಕಾದ ಆಪರೇಷನ್ನನ್ನು ಈ ಹೆದರಿಕೆಯಿಂದ ಮುಂದೂಡಬೇಕಿಲ್ಲ.

ಕೊನೆಯದಾಗಿ ನೆರೆಯ ಬಾಂಗ್ಲಾದೇಶದ ಸಂಗತಿ. ಅಲ್ಲಿ ಹ್ಯಾಲೋಥೇನ್ ತಯಾರಿಕೆ ನಿಂತ ಮೇಲೂ ಬೇಡಿಕೆ ನಿಲ್ಲಲಿಲ್ಲ. ಕಳ್ಳಸಾಗಣೆಯ ಮಾಲು, ಕಲಬೆರಕೆ ಮಾಲು ಒಳಗೆ ಬಂತು. 2024ರ ಆರಂಭದಲ್ಲಿ ಸುನ್ನತಿಯಂಥ ಸಣ್ಣ ಕೆಲಸಕ್ಕೆ ಹೋದ ಮಕ್ಕಳು ಅರಿವಳಿಕೆಯಿಂದ ಏಳಲೇ ಇಲ್ಲ ಎಂಬ ಸುದ್ದಿಗಳು ಬಂದವು. ಆ ವರ್ಷದ ಮಾರ್ಚಿನಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ಹ್ಯಾಲೋಥೇನ್ ಬಿಟ್ಟು ಐಸೋಫ್ಲುರೇನ್ ಅಥವಾ ಸೆವೋಫ್ಲುರೇನ್ ಬಳಸಿ ಅಂತ ಆದೇಶ ಕೊಟ್ಟಿತು. ಆದೇಶ ಬರೆಯುವುದು ಒಂದು ದಿನದ ಕೆಲಸ. ಒಂದೊಂದು ಔಷಧಕ್ಕೂ ಅದರದೇ ವೇಪರೈಸರ್ ಬೇಕು, ಬಾಟಲಿ ಬದಲಾಯಿಸಿದರೆ ಸಾಲದು, ಪಾತ್ರೆಯನ್ನೂ ಬದಲಾಯಿಸಬೇಕು. ಅದಕ್ಕೆ ದುಡ್ಡು ಬೇಕು. 1848ರಲ್ಲಿ ಉಗುರು, 2024ರಲ್ಲಿ ಸುನ್ನತಿ. ದೊಡ್ಡ ರೋಗದಿಂದ ಸತ್ತ ಮಕ್ಕಳಲ್ಲ ಇವರು.

ಆದ್ದರಿಂದ ನಾಳೆ ನಿಮ್ಮ ಮನೆಯ ಮಗುವಿಗೋ ಮೊಮ್ಮಗುವಿಗೋ ಆಪರೇಷನ್ ಇದ್ದರೆ, ಔಷಧದ ಹೆಸರು ಹಿಡಿದು ಡಾಕ್ಟರ ಜೊತೆ ಜಗಳಕ್ಕೆ ನಿಲ್ಲಬೇಡಿ. ಮೂರು ವಿಷಯ ಕೇಳಿ ಸಾಕು. ಮತ್ತು ಬರಿಸುವವರು ತರಬೇತಾದ ತಜ್ಞರೇ, ಮಕ್ಕಳಿಗೆ ಕೊಟ್ಟು ರೂಢಿ ಇದೆಯೇ? ಅವರು ಶುರುವಿನಿಂದ ಮಗು ಎಚ್ಚರವಾಗುವ ತನಕ ಪಕ್ಕದಲ್ಲೇ ಇರುತ್ತಾರೆಯೇ? ಆಮ್ಲಜನಕ ಮತ್ತು ಉಸಿರಿನ ಇಂಗಾಲಾಮ್ಲ ತೋರಿಸುವ ಮಾನಿಟರ್ ಇದೆಯೇ? ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಮಗೆ ಆ ಊರಿನ ಭಾಷೆ ಸರಿಯಾಗಿ ಬಾರದಿದ್ದರೆ ಬರುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಗುವಿಗೆ ಮಾತ್ರ ಅದರ ಭಾಷೆಯಲ್ಲೇ ನೀವೇ ಹೇಳಿ: ಮೂಗಿನ ಮೇಲೆ ಒಂದು ಬಟ್ಟಲು ಇಡ್ತಾರೆ, ಒಂಥರಾ ವಾಸನೆ ಬರುತ್ತೆ, ನಿದ್ದೆ ಬರುತ್ತೆ, ಎದ್ದಾಗ ನಾನು ಇಲ್ಲೇ ಇರ್ತೀನಿ ಅಂತ. ಇದಕ್ಕೆ ದುಡ್ಡು ಬೇಡ. ಹೆದರದ ಮಗು ಕೊಸರಾಡುವುದು ಕಡಿಮೆ.

ಇದನ್ನು ಓದುವವರಲ್ಲಿ ಅರಿವಳಿಕೆ ತಜ್ಞರಿದ್ದರೆ ನಿಮ್ಮ ಥಿಯೇಟರಿನ ಅನುಭವ ಬರೆಯಿರಿ. ಈಥರ್ ಹನಿ ಹಾಕಿದ ಕಾಲದವರು ಯಾರಾದರೂ ಇದ್ದರೆ ಖಂಡಿತ ಬರೆಯಬೇಕು.